ತಿದ್ದಿದ್ದನ್ನು ಮತ್ತೆ ತಿದ್ದಿದ ಮೇಷ್ಟ್ರು

ಕನ್ನಡ ಮಾಧ್ಯಮದ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರ ಪಾಡು ಉಳಿದ ವಿಷಯಗಳ ಅಧ್ಯಾಪಕರಿಗೆ ಅಷ್ಟಾಗಿ ತಿಳಿಯುವಂಥದ್ದಲ್ಲ. ವಿಜ್ಞಾನದ ಪಾಠಕ್ಕೆ ಮಗುವಿನ ಮನೆಯ ಹಿತ್ತಲಿನಲ್ಲೇ ಹಸು, ಬಾವಿ, ಬೇವಿನ ಮರಗಳಿರುತ್ತವೆ. ಲೆಕ್ಕಕ್ಕೆ ಅಂಗಡಿ, ಸಂತೆಗಳಿರುತ್ತವೆ. ಇಂಗ್ಲಿಷಿಗೆ ಶಾಲೆಯ ಗೇಟು ದಾಟಿದ ಮೇಲೆ ಊರಿನಲ್ಲಿ ಕಿವಿಗೊಡುವವರೂ ಇಲ್ಲ, ಬಾಯಿಗೊಡುವವರೂ ಇಲ್ಲ. ಅಂಥ ವಿಷಯವನ್ನು ಮೂವತ್ತೊಂದು ವರ್ಷ ಕಲಿಸಿ, ಹೊಸಕೋಟೆ ಮತ್ತು ದೇವನಹಳ್ಳಿ ತಾಲ್ಲೂಕುಗಳ ಇಂಗ್ಲಿಷ್ ಅಧ್ಯಾಪಕ ಬಳಗದಲ್ಲಿ ಹಿರಿಯರೆನಿಸಿಕೊಂಡು, ಈ ನವೆಂಬರ್ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀ ಎಂ. ಪಿಳ್ಳಣ್ಣನವರನ್ನು ಅಭಿನಂದಿಸಲೆಂದು ಈ ಸಂಪುಟ ಹೊರಬರುತ್ತಿದೆ. ತಾಲ್ಲೂಕಿನ ಯಾವ ತರಬೇತಿಯಲ್ಲಾದರೂ ವಾಕ್ಯರಚನೆಯ ಪಾಠ ಬಂದಿತೆಂದರೆ, ಅದರಲ್ಲೂ ಲಿಂಕಿಂಗ್ ವರ್ಬ್ ಎಂಬ ಮಾತು ಬಂದಿತೆಂದರೆ, ಉಳಿದ ಸಂಪನ್ಮೂಲ ವ್ಯಕ್ತಿಗಳು ಸೀಮೆಸುಣ್ಣವನ್ನು ಅವರ ಕೈಗಿತ್ತು ಹಿಂದಿನ ಸಾಲಿಗೆ ಹೋಗಿ ಕೂರುವುದು ವಾಡಿಕೆ.

ಇಂಥ ಸಂಪುಟಗಳಲ್ಲಿ ಗುಣಗಳನ್ನಷ್ಟೇ ಬರೆಯುವುದು ಪದ್ಧತಿ. ಆದರೆ ಸಂಪುಟದ ಸಮಿತಿಯವರು ಒಪ್ಪಿಗೆ ಕೇಳಲು ಮನೆಗೆ ಹೋದಾಗ ಪಿಳ್ಳಣ್ಣನವರು ಒಂದು ಷರತ್ತು ಹಾಕಿದರು. “ಬರೀರಿ, ಬೇಡ ಅನ್ನಲ್ಲ. ಆದ್ರೆ ಶಾಮಲನ ವಿಷಯ ಬಿಟ್ಟು ಬರೆದ್ರೆ ಅದು ನನ್ನ ಬಗ್ಗೆ ಬರೆದಂಗಾಗಲ್ಲ” ಎಂದರು. ಕಾಫಿ ತಂದಿಟ್ಟ ಅವರ ಪತ್ನಿ ಮುನಿರತ್ನಮ್ಮನವರೂ ಹೌದೆಂಬಂತೆ ತಲೆಯಾಡಿಸಿದರು. ಆದ್ದರಿಂದ, ಅವರ ಹಳೆಯ ವಿದ್ಯಾರ್ಥಿನಿ ಶ್ರೀಮತಿ ಶಾಮಲಾ ಅವರ ಅನುಮತಿಯನ್ನೂ ಪಡೆದು, ನಡೆದದ್ದನ್ನು ನಡೆದ ಹಾಗೆ ಇಲ್ಲಿ ಹೇಳಲಾಗಿದೆ.

ಪಿಳ್ಳಣ್ಣನವರು ನೆಲಮಂಗಲದ ಬಳಿಯ ಅರಿಶಿನಕುಂಟೆಯವರು. ತಂದೆ ತಾಯಿ ರಾಗಿ, ಅವರೆ ಬೆಳೆಯುತ್ತಿದ್ದ ಬೇಸಾಯಗಾರರು. ಹೆದ್ದಾರಿಯ ಪಕ್ಕದ ಊರಾದ್ದರಿಂದ ಲಾರಿಗಳ ಮೇಲಿನ ಇಂಗ್ಲಿಷ್ ಬರಹ ಕಣ್ಣಿಗೆ ಬೀಳುತ್ತಿತ್ತೇ ಹೊರತು ಅದನ್ನು ಓದಿ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಪಿಯುಸಿಯಲ್ಲಿ ಎಲ್ಲ ವಿಷಯಗಳಲ್ಲೂ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಫೇಲಾದರು. ಒಂದು ವರ್ಷ ಮನೆಯಲ್ಲೇ ಕುಳಿತು, ಹಳೆಯ ವ್ಯಾಕರಣ ಪುಸ್ತಕವೊಂದನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಬಾಯಿಪಾಠ ಮಾಡಿದರು. ನೊಗ ಹೂಡುವಾಗಲೂ, ಕಣ ಸಾರಿಸುವಾಗಲೂ ನಿಯಮಗಳನ್ನು ಗೊಣಗುತ್ತಲೇ ಇದ್ದರಂತೆ. ಮರುವರ್ಷ ಪಾಸಾದರು, ಮುಂದೆ ಬಿಎ, ಬಿಇಡಿ ಮುಗಿಸಿ, ತಮ್ಮನ್ನು ಬೀಳಿಸಿದ ವಿಷಯಕ್ಕೇ ಅಧ್ಯಾಪಕರಾದರು. ಆದರೆ ಅಷ್ಟು ಕಷ್ಟಪಟ್ಟು ಕಲಿತ ನಿಯಮಗಳ ಮೇಲೆ ಅವರಿಗೆ ಒಂದು ಬಗೆಯ ಬಿಗಿಪಟ್ಟು ಬೆಳೆಯಿತು. ಕತ್ತಲಲ್ಲಿ ಮೆಟ್ಟಿಲಿಳಿಯುವವನು ಕಂಬಿ ಹಿಡಿದ ಹಾಗೆ ಅವರು ನಿಯಮ ಹಿಡಿದಿದ್ದರು. ಅದನ್ನು ಯಾರಾದರೂ ಅಲ್ಲಾಡಿಸಿದರೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿನ ಒಳಗೆ ಭಯ ಇತ್ತೆಂದು ಅವರೇ ಈಗ ಹೇಳುತ್ತಾರೆ.

೧೯೯೪ರಲ್ಲಿ ಅನುಗೊಂಡನಹಳ್ಳಿ ಹೋಬಳಿಯ ಬೇವಿನಕುಂಟೆ ಪ್ರೌಢಶಾಲೆಗೆ ಸಹಶಿಕ್ಷಕರಾಗಿ ಬಂದರು. ಅಲ್ಲಿ ಮೊದಲ ದಿನದಿಂದಲೇ ಅವರನ್ನು ಕಾಡಿದ್ದು ಮಕ್ಕಳು ಬಿಟ್ಟುಬಿಡುತ್ತಿದ್ದ ‘ಈಸ್’. ‘ಮೈ ಫಾದರ್ ಫಾರ್ಮರ್’ ಎಂದು ಬರೆಯುವರು. ‘ಮೈ ಹೌಸ್ ಸ್ಮಾಲ್’ ಎಂದು ಬರೆಯುವರು. ಪಿಳ್ಳಣ್ಣನವರು ಕೆಂಪು ಶಾಯಿಯಲ್ಲಿ ‘ಈಸ್’ ಸೇರಿಸುವರು. ಮಕ್ಕಳು ಮರುದಿನ ಮತ್ತೆ ಬಿಡುವರು. ನಮ್ಮ ಕನ್ನಡದಲ್ಲಿ ‘ನಮ್ಮಪ್ಪ ರೈತ’ ಎಂದರೆ ಮಾತು ಮುಗಿಯಿತು. ನಡುವೆ ಕ್ರಿಯಾಪದದ ಹಂಗೇ ಬೇಕಿಲ್ಲ. ಇಂಗ್ಲಿಷಿನ ವಾಕ್ಯ ಕ್ರಿಯಾಪದವಿಲ್ಲದೆ ನಿಲ್ಲದು. ಈ ಸರಳ ಸಂಗತಿಯನ್ನು ಆಗ ಅವರು ಯೋಚಿಸಿರಲಿಲ್ಲ. ಮಕ್ಕಳಿಗೆ ಜ್ಞಾಪಕಶಕ್ತಿ ಸಾಲದೆಂದೇ ತಿಳಿದು ಹತ್ತು ಸಲ, ಇಪ್ಪತ್ತು ಸಲ ಬರೆಸುತ್ತಿದ್ದರು.

ಹಾಗೆಂದು ಅವರು ಕಟುಕರಾಗಿರಲಿಲ್ಲ. ಪರೀಕ್ಷಾ ಕೇಂದ್ರ ಹೊಸಕೋಟೆಯಲ್ಲಿದ್ದ ವರ್ಷಗಳಲ್ಲಿ ಬೆಳಗಿನ ಮೊದಲ ಬಸ್ಸಿಗೆ ಮಕ್ಕಳನ್ನು ಹತ್ತಿಸಿಕೊಂಡು ಹೋಗಿ, ಎಲ್ಲರಿಗೂ ಇಡ್ಲಿ ಕೊಡಿಸಿ, ಕೊನೆಯ ಮಗು ಕೋಣೆಯೊಳಗೆ ಹೋಗುವ ತನಕ ಗೇಟಿನ ಬಳಿ ನಿಂತಿರುತ್ತಿದ್ದರು. ಭಾನುವಾರಗಳಲ್ಲಿ ಹಿಂದುಳಿದವರಿಗೆ ಶಾಲೆಯ ಜಗಲಿಯಲ್ಲಿ ಪಾಠ ನಡೆಯುತ್ತಿತ್ತು. ಊರವರು ಅವರ ಮೇಲೆ ಇಟ್ಟಿದ್ದ ಗೌರವ ದೊಡ್ಡದು. ೨೦೦೫ರ ಮಳೆಗಾಲದಲ್ಲಿ ನಡೆದದ್ದು ಆ ಗೌರವದ ನೆರಳಿನಲ್ಲೇ ನಡೆಯಿತು.

ಶಾಮಲಾ ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಅವಳ ತಾಯಿ ನರಸಮ್ಮ ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್. ಬೆಳಿಗ್ಗೆ ಸಂಜೆ ಜನ ತರುವ ಹಾಲಿನ ಮುಚ್ಚಳ ತೆಗೆದು, ಮೂಸಿ ನೋಡಿ, ಮಾಪಕ ಇಳಿಬಿಟ್ಟು, ಒಳ್ಳೆಯ ಹಾಲನ್ನು ಕ್ಯಾನಿಗೆ ಸುರಿಸಿ ಕೆಟ್ಟದ್ದನ್ನು ವಾಪಸು ಕಳಿಸುವ ಕೆಲಸ. ಶಾಮಲಾ ಶಾಲೆಗೆ ಬರುವ ಮುನ್ನ ತಾಯಿಯ ಪಕ್ಕದಲ್ಲಿ ಕುಳಿತು ಮುಚ್ಚಳ ತೆಗೆದುಕೊಡುತ್ತಿದ್ದಳು. ತಾಯಿ ಹೇಳುವ ಮೊದಲೇ ಯಾವ ಹಾಲು ಹುಳಿ ತಿರುಗಿದೆಯೆಂದು ಅವಳಿಗೂ ತಿಳಿಯುತ್ತಿತ್ತು. ಒಂದು ದಿನ ಪಿಳ್ಳಣ್ಣನವರು ನೋಡುವ, ಕೇಳುವ, ಮೂಸುವ, ರುಚಿ ನೋಡುವ ಕ್ರಿಯಾಪದಗಳನ್ನು ಕೊಟ್ಟು ಸ್ವಂತ ವಾಕ್ಯ ಬರೆಯಲು ಹೇಳಿದರು. ಶಾಮಲಾ ‘ದಿ ಮಿಲ್ಕ್ ಸ್ಮೆಲ್ಸ್ ಬ್ಯಾಡ್’ ಎಂದು ಬರೆದಳು. ಹಾಲು ಕೆಟ್ಟ ವಾಸನೆ ಹೊಡೆಯುತ್ತಿದೆ ಎಂಬ ಅರ್ಥ.

ಕ್ರಿಯಾಪದವನ್ನು ವರ್ಣಿಸುವ ಪದದ ಕೊನೆಗೆ ‘ಲಿ’ ಬರಬೇಕೆಂಬುದು ಪಿಳ್ಳಣ್ಣನವರು ಬಾಯಿಪಾಠ ಮಾಡಿದ್ದ ನಿಯಮ. ‘ಬ್ಯಾಡ್’ ಹೊಡೆದುಹಾಕಿ ‘ಬ್ಯಾಡ್ಲಿ’ ಎಂದು ತಿದ್ದಿ, ತಪ್ಪು ಎಲ್ಲರಿಗೂ ತಿಳಿಯಲೆಂದು ಗಟ್ಟಿಯಾಗಿ ಓದಿ, ಮೂಸುವ ಕೆಲಸ ಹೇಗೆ ನಡೆಯಿತೆಂದು ಈ ಪದ ಹೇಳುತ್ತದೆ ಎಂದರು. ಶಾಮಲಾ ಎದ್ದು ನಿಂತಳು.

“ಸಾರ್, ಹಾಲು ಮೂಸಲ್ಲ ಸಾರ್. ಮೂಸೋರು ನಾವು. ಹಾಲು ಕೆಟ್ಟಿರ್ತದೆ, ಅಷ್ಟೇ.”

ತರಗತಿ ನಕ್ಕಿತು. ಅವಳಿಗೆ ನಗಿಸುವ ಉದ್ದೇಶವಿರಲಿಲ್ಲ. ತನಗೆ ತೋರಿದ್ದನ್ನು ಹೇಳಿದ್ದಳು. ಪಿಳ್ಳಣ್ಣನವರಿಗೆ ಮಾತ್ರ ಆ ನಗು ತಮ್ಮನ್ನೇ ಕುರಿತದ್ದೆನಿಸಿತು. ತಿದ್ದಿದ ವಾಕ್ಯವನ್ನು ಐವತ್ತು ಸಲ ಬರೆದು ತರುವಂತೆ ಹೇಳಿದರು. ಮರುದಿನ ಅವಳು ಖಾಲಿ ಪುಸ್ತಕ ತಂದಳು. ಏಕೆಂದು ಕೇಳಿದ್ದಕ್ಕೆ, ತಪ್ಪು ವಾಕ್ಯವನ್ನು ಐವತ್ತು ಸಲ ಹೇಗೆ ಬರೆಯುವುದೆಂದಳು. ಆಗ ಅವರ ಬಾಯಿಂದ ಆ ಮಾತು ಬಂತು.

“ಇಂಗ್ಲಿಷ್ ಯಾಕೆ ನಿಂಗೆ? ಹೋಗು, ನಿಮ್ಮಮ್ಮನ ಜೊತೆ ಡೈರೀಲಿ ಮೂಸ್ಕೊಂಡು ಕೂತ್ಕೊ.”

ಈ ಸಲ ಯಾರೂ ನಗಲಿಲ್ಲ. ಹುಡುಗಿ ಚೀಲ ತೆಗೆದುಕೊಂಡು ಹೊರಗೆ ಹೋದಳು. ಎರಡು ದಿನ ಬಿಟ್ಟು ತಾನೇ ಬರುತ್ತಾಳೆಂದು ಅವರು ತಿಳಿದರು. ಬರಲಿಲ್ಲ. ನಾಲ್ಕನೆಯ ದಿನ ನರಸಮ್ಮನೇ ಬಂದರು. ಮಗಳು ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಾಳೆ, ತಾವೊಂದು ಮಾತು ಹೇಳಿ ಕರೆಯಬೇಕು ಎಂದು ಕೇಳಿಕೊಂಡರು. ಅವಳು ಬಂದು ತಪ್ಪಾಯಿತೆನ್ನಲಿ, ಆಮೇಲೆ ನೋಡೋಣ ಎಂದು ಪಿಳ್ಳಣ್ಣನವರು ಉತ್ತರಿಸಿದರು. ನರಸಮ್ಮ, “ನಾನು ಓದ್ದೋಳಲ್ಲ ಮೇಷ್ಟ್ರೇ. ಆದ್ರೆ ನಮ್ಮ ಮೂಗಿನ ಮೇಲೆ ಊರಿಗೂರೇ ನಂಬಿಕೆ ಇಟ್ಟವ್ರೆ. ಅದೇನು ಕೀಳು ಕೆಲ್ಸ ಅಲ್ಲ” ಎಂದು ಹೇಳಿ ಹೊರಟುಹೋದರು.

ಒಂದು ತಿಂಗಳಾಯಿತು, ಎರಡಾಯಿತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟಿದವು. ಪಿಳ್ಳಣ್ಣನವರಿಗೆ ಕಸಿವಿಸಿ ಇತ್ತು. ಆದರೆ ನಿಯಮ ತಮ್ಮ ಕಡೆಗಿದೆಯೆಂಬ ಸಮಾಧಾನವೂ ಇತ್ತು.

ಆ ಸಮಾಧಾನ ಉಳಿದದ್ದು ಅಕ್ಟೋಬರ್‌ವರೆಗೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಿಗೆ ಮೂವತ್ತು ದಿನಗಳ ತರಬೇತಿಯಿತ್ತು. ಸಂಘಮಿತ್ರ ಎಂಬ, ವಯಸ್ಸಿನಲ್ಲಿ ಪಿಳ್ಳಣ್ಣನವರಿಗಿಂತ ಹತ್ತು ವರ್ಷ ಚಿಕ್ಕವರಾದ ಅಧ್ಯಾಪಕಿ ವಾಕ್ಯಮಾದರಿಗಳನ್ನು ತೆಗೆದುಕೊಂಡಿದ್ದರು. ನಾಯಿ ಬೊಗಳುತ್ತದೆ ಎಂಬಲ್ಲಿ ಮಾಡುವವನಿದ್ದಾನೆ, ಮಾಡುವ ಕೆಲಸವಿದೆ. ರೈತ ಹೊಲ ಉಳುತ್ತಾನೆ ಎಂಬಲ್ಲಿ ಕೆಲಸ ಇನ್ನೊಂದರ ಮೇಲೆ ಹೋಗಿ ಬೀಳುತ್ತದೆ. ಮೂರನೆಯ ಮಾದರಿಯಲ್ಲಿ ಕೆಲಸವೇ ಇಲ್ಲ ಎಂದು ಅವರು ವಿವರಿಸಿದರು. ಅಲ್ಲಿ ಕ್ರಿಯಾಪದ ಕರ್ತೃವನ್ನೂ, ಕರ್ತೃ ಹೇಗಿದೆ ಅಥವಾ ಏನಾಗಿದೆ ಎಂಬುದನ್ನೂ ಸುಮ್ಮನೆ ಕೂಡಿಸುತ್ತದೆ; ಅದಕ್ಕೇ ಅದು ಲಿಂಕಿಂಗ್ ವರ್ಬ್. ‘ಈಸ್’ ಅಷ್ಟೇ ಅಲ್ಲ, ‘ಸೀಮ್ಸ್’, ‘ಬಿಕಮ್ಸ್’, ‘ಲುಕ್ಸ್’, ‘ಟೇಸ್ಟ್ಸ್’, ‘ಸ್ಮೆಲ್ಸ್’ ಸಹ ಈ ಕೆಲಸಕ್ಕೆ ಬರುತ್ತವೆ. ಅನುಮಾನ ಬಂದರೆ ಆ ಜಾಗದಲ್ಲಿ ‘ಈಸ್’ ಇಟ್ಟು ನೋಡಿ, ವಾಕ್ಯ ಕೆಡದಿದ್ದರೆ ಅದು ಲಿಂಕಿಂಗ್ ವರ್ಬ್, ಅದರ ಮುಂದಿನ ಪದಕ್ಕೆ ‘ಲಿ’ ಬೇಡ ಎಂದರು.

ಪಿಳ್ಳಣ್ಣನವರು ಎದ್ದು, ‘ದಿ ಮಿಲ್ಕ್ ಸ್ಮೆಲ್ಸ್ ಬ್ಯಾಡ್ಲಿ’ ಎಂದರೆ ಏನಾಗುತ್ತದೆಂದು ಕೇಳಿದರು. ಸಂಘಮಿತ್ರ ನಗುತ್ತಾ, “ಹಾಲಿಗೆ ಮೂಗಿದೆ, ಪಾಪ ಆ ಮೂಗು ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತಾಗುತ್ತೆ ಸರ್” ಎಂದರು. ಎಲ್ಲರೂ ನಕ್ಕರು. ಪಿಳ್ಳಣ್ಣನವರು ಕುಳಿತುಕೊಂಡರು. ಹುಡುಗಿ ಹೇಳಿದ್ದು ಅದನ್ನೇ. ಯಾವ ಪುಸ್ತಕವನ್ನೂ ನೋಡದೆ, ಪ್ರತಿ ದಿನದ ಕೆಲಸದಿಂದ ಕಂಡುಕೊಂಡು ಹೇಳಿದ್ದಳು.

ತರಬೇತಿ ಮುಗಿಯಲು ಇನ್ನೂ ಎರಡು ವಾರವಿತ್ತು. ಅಷ್ಟು ದಿನ ಕಾಯಲು ಅವರಿಂದಾಗಲಿಲ್ಲ. ಆ ಶನಿವಾರ ಮಧ್ಯಾಹ್ನ ಮೊದಲು ಮನೆಗೆ ಹೋಗಿ ಮುನಿರತ್ನಮ್ಮನವರಿಗೆ ನಡೆದುದನ್ನೆಲ್ಲ ಹೇಳಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ವಾಕ್ಯ ತಪ್ಪಾಗಿ ತಿದ್ದಿದ್ದು ಪುಸ್ತಕದ ತಪ್ಪೆನ್ನೋಣ, ಹುಡುಗಿಯ ತಾಯಿಯನ್ನು ಎತ್ತಿ ಆಡಿದ್ದು ಯಾವ ಪುಸ್ತಕದಲ್ಲಿತ್ತು? ಪಿಳ್ಳಣ್ಣನವರು ಚಪ್ಪಲಿ ಮೆಟ್ಟಿಕೊಂಡು ಬೇವಿನಕುಂಟೆಯ ಬಸ್ಸು ಹಿಡಿದರು.

ಸಂಜೆಯ ಹಾಲಿನ ಹೊತ್ತು. ಡೈರಿಯ ಮುಂದೆ ಕ್ಯಾನು, ಬಿಂದಿಗೆ ಹಿಡಿದವರ ಸಾಲಿತ್ತು. ಶಾಮಲಾ ತಾಯಿಯ ಪಕ್ಕದಲ್ಲಿ ಕುಳಿತು ಚೀಟಿ ಬರೆಯುತ್ತಿದ್ದಳು. ಮೇಷ್ಟ್ರನ್ನು ಕಂಡು ಸಾಲಿನವರು ದಾರಿ ಬಿಟ್ಟರು. ಒಳಗೆ ಕರೆದು ಮಾತಾಡಬಹುದಿತ್ತು. ಅವರು ಹಾಗೆ ಮಾಡದೆ ಅಲ್ಲೇ, ಎಲ್ಲರೂ ಕೇಳುವಂತೆ, “ಶಾಮಲಾ, ನೀನು ಬರೆದಿದ್ದೇ ಸರಿ. ನಾನು ತಿದ್ದಿದ್ದೇ ತಪ್ಪು. ಅದಕ್ಕಿಂತ ದೊಡ್ಡ ತಪ್ಪು ನಾನು ಆಡಿದ ಮಾತು. ನಿಮ್ಮಮ್ಮನಿಗೂ ಹೇಳ್ತಿದೀನಿ, ನನ್ನದು ತಪ್ಪಾಯ್ತು” ಎಂದರು.

ಸಾಲಿನಲ್ಲಿದ್ದ ಹಿರಿಯರೊಬ್ಬರು, ದೊಡ್ಡವರು ಮಕ್ಕಳ ಮುಂದೆ ಹೀಗೆಲ್ಲ ಹೇಳಬಾರದೆಂದು ತಡೆಯಲು ನೋಡಿದರು. ನರಸಮ್ಮ ಕೈಯಲ್ಲಿದ್ದ ಮುಚ್ಚಳ ಕೆಳಗಿಟ್ಟು ಮಗಳ ಮುಖ ನೋಡಿದರು. ಶಾಮಲಾ ಚೀಟಿಯ ಪುಸ್ತಕ ಮುಚ್ಚಿ ಹೇಳಿದಳು:

“ಅಂದಿದ್ದು ಕ್ಲಾಸಲ್ಲಿ ಸಾರ್. ಇದನ್ನೂ ಕ್ಲಾಸಲ್ಲೇ ಹೇಳಿ.”

ಹದಿನಾಲ್ಕು ವರ್ಷದ ಹುಡುಗಿಯ ಬಾಯಲ್ಲಿ ಆ ಮಾತು ಕೇಳಿದ ಕೂಡಲೇ ತಮಗೆ ಮತ್ತೆ ಸಿಟ್ಟು ಬಂದಿತ್ತೆಂದು ಪಿಳ್ಳಣ್ಣನವರು ಮುಚ್ಚಿಡುವುದಿಲ್ಲ. ಡೈರಿಯ ಮುಂದೆ ತಲೆತಗ್ಗಿಸಿದ್ದು ಸಾಲದೇ ಎನಿಸಿತು. ಬಸ್ ನಿಲ್ದಾಣದ ತನಕ ನಡೆಯುವಷ್ಟರಲ್ಲಿ ಅವಳು ಕೇಳಿದ್ದು ನ್ಯಾಯವೆಂದು ತಿಳಿಯಿತು. ಅವಳನ್ನು ಅವಮಾನಿಸಿದ್ದು ಅವಳ ಸಹಪಾಠಿಗಳ ಎದುರಿಗೆ. ಅವಳು ಮತ್ತೆ ಹೋಗಿ ಕೂರಬೇಕಾದದ್ದೂ ಅವರ ನಡುವೆಯೇ.

ಸೋಮವಾರ ತರಗತಿಗೆ ಬರುವಂತೆ ಅವಳಿಗೆ ಹೇಳಿಕಳಿಸಿ, ತರಬೇತಿಯವರಿಂದ ಆ ಒಂದು ದಿನದ ಅನುಮತಿ ಪಡೆದು ತಾವೂ ಶಾಲೆಗೆ ಬಂದರು. ಆಗಿನ ಮುಖ್ಯೋಪಾಧ್ಯಾಯರು ವಿಷಯ ತಿಳಿದು ಗಾಬರಿಯಾದರು. “ಹೀಗೆ ಒಪ್ಕೊಂಡ್ರೆ ನಾಳೆ ಮಕ್ಕಳು ನಮ್ಮ ಮಾತು ಕೇಳ್ತಾವೇನ್ರೀ?” ಎಂದು ಕೇಳಿದರು. ಕೇಳದೆ ಹೋಗಬಹುದು, ಆದರೆ ತಪ್ಪು ಹೇಳಿಕೊಟ್ಟು ಕೇಳಿಸಿಕೊಳ್ಳುವುದಕ್ಕಿಂತ ಅದೇ ಮೇಲು ಎಂದು ಹೇಳಿ ಪಿಳ್ಳಣ್ಣನವರು ತರಗತಿಗೆ ಹೋದರು. ಶಾಮಲಾ ಹಿಂದಿನ ಬೆಂಚಿನಲ್ಲಿ, ಚೀಲವನ್ನು ತೊಡೆಯ ಮೇಲಿಂದ ಇಳಿಸದೆ, ಎದ್ದು ಹೋಗಲು ಸಿದ್ಧಳಾದವಳಂತೆ ಕುಳಿತಿದ್ದಳು. ಮೇಷ್ಟ್ರು ಎರಡೂ ವಾಕ್ಯಗಳನ್ನು ಹಲಗೆಯ ಮೇಲೆ ಬರೆದು, ಯಾವುದು ತಮ್ಮದು, ಯಾವುದು ಅವಳದು, ಯಾವುದು ಸರಿ ಎಂದು ಹೇಳಿದರು. ತಾವು ಆಡಿದ ಮಾತನ್ನು ಬಾಯಿಬಿಟ್ಟು ಹೇಳಿ, ಅದು ತಪ್ಪೆಂದರು. ಕೊನೆಗೆ, ಇದು ಏಕೆ ಸರಿಯೆಂದು ನನಗಿಂತ ಮೊದಲು ತಿಳಿದವಳು ನೀನು, ನೀನೇ ಹೇಳಿಕೊಡು ಎಂದು ಸೀಮೆಸುಣ್ಣ ಚಾಚಿದರು.

ಅವಳು ತಕ್ಷಣ ಏಳಲಿಲ್ಲ. ಆಮೇಲೆ ಚೀಲವನ್ನು ಬೆಂಚಿನ ಮೇಲಿಟ್ಟು ಬಂದಳು. ಹೇಳಿದ್ದು ಎರಡೇ ಮಾತು: ನಾಯಿ ಮೂಸಿದರೆ ಅದು ನಾಯಿ ಮಾಡುವ ಕೆಲಸ; ಹಾಲಿಗೆ ಹಾಗೆ ಮಾಡುವ ಕೆಲಸವೇನಿಲ್ಲ, ಅದು ಹೇಗಿದೆಯೋ ಹಾಗಿದೆ. ಅಲ್ಲಿಂದಾಚೆಗೆ ಪಿಳ್ಳಣ್ಣನವರು ತಮ್ಮ ಪಾಠದಲ್ಲಿ ವಾಕ್ಯಗಳನ್ನು ‘ಮಾಡುವ ವಾಕ್ಯ’, ‘ಇರುವ ವಾಕ್ಯ’ ಎಂದು ಬೇರ್ಪಡಿಸಿ ಕಲಿಸತೊಡಗಿದರು. ಇಂದು ಎರಡು ತಾಲ್ಲೂಕುಗಳ ಶಾಲೆಗಳಲ್ಲಿ ಬಳಕೆಯಲ್ಲಿರುವ ಈ ಹೆಸರುಗಳು ಹುಟ್ಟಿದ್ದು ಆ ಸೋಮವಾರ.

ಕಳೆದ ಎರಡು ತಿಂಗಳ ಪಾಠವನ್ನು ತುಂಬಿಕೊಳ್ಳಲು ಶಾಮಲಾ ಕಷ್ಟಪಟ್ಟಳು. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ದರ್ಜೆ ಬಂತು. ಎಡೆಬಿಡದೆ ಓದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತೇನೋ ಎಂಬ ಕೊರಗು ಪಿಳ್ಳಣ್ಣನವರಿಗೆ ಇಂದಿಗೂ ಇದೆ. ಶಾಮಲಾ ಅವರೀಗ ಪಿಲ್ಲಗುಂಪೆಯ ಆಹಾರ ತಯಾರಿಕೆಯ ಘಟಕವೊಂದರ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಾರೆ. ಈ ಲೇಖನಕ್ಕೆ ಅನುಮತಿ ಕೇಳಿದಾಗ ಅವರು ಹೇಳಿದ ಮಾತನ್ನೂ ಸೇರಿಸಬೇಕೆಂಬುದು ಪಿಳ್ಳಣ್ಣನವರದೇ ಇಚ್ಛೆ: “ಸಾರ್ ಬೈದಿದ್ದೂ ಮರ್ತಿಲ್ಲ, ಬಂದು ತಪ್ಪು ಒಪ್ಕೊಂಡಿದ್ದೂ ಮರ್ತಿಲ್ಲ. ಎರಡೂ ಬರೀರಿ.”

ಹುಡುಗಿ ಮರಳಿ ಬಂದಳೆಂದು ಪಿಳ್ಳಣ್ಣನವರ ಮನಸ್ಸು ಹಗುರಾಗಲಿಲ್ಲ. ಹನ್ನೊಂದು ವರ್ಷ ಅದೇ ತಪ್ಪನ್ನು ಸರಿಯೆಂದು ಕಲಿಸಿದ್ದರು. ಮೌಲ್ಯಮಾಪನ ಶಿಬಿರಗಳಲ್ಲಿ ಕಂಡರಿಯದ ಮಕ್ಕಳ ಉತ್ತರಗಳಿಗೆ ಅದೇ ಕೆಂಪು ಗೆರೆ ಎಳೆದಿದ್ದರು. ಆ ಮಕ್ಕಳು ಯಾರು, ಎಲ್ಲಿದ್ದಾರೆ, ತಿಳಿಯುವ ದಾರಿಯಿಲ್ಲ. ಸರಿಪಡಿಸಲಾಗದ್ದನ್ನು ಹೊತ್ತುಕೊಂಡೇ ಮುಂದಿನ ಕೆಲಸ ಮಾಡಬೇಕೆಂದು ನಿಶ್ಚಯಿಸಿ, ಮರುವರ್ಷದ ತಾಲ್ಲೂಕು ಸಭೆಯಲ್ಲಿ ತಮ್ಮ ತಪ್ಪನ್ನೇ ಮೊದಲ ಉದಾಹರಣೆಯಾಗಿ ಇಟ್ಟು ಮಾತಾಡಿದರು. ಸಭೆ ಮುಗಿದ ಮೇಲೆ ಮೂವರು ಅಧ್ಯಾಪಕರು ಒಬ್ಬೊಬ್ಬರಾಗಿ ಹತ್ತಿರ ಬಂದು, ತಾವೂ ಹಾಗೆಯೇ ತಿದ್ದುತ್ತಿದ್ದೆವೆಂದು ತಗ್ಗಿದ ದನಿಯಲ್ಲಿ ಹೇಳಿದರಂತೆ.

ಮುಂದಿನ ವರ್ಷಗಳು ಅವರ ಕೀರ್ತಿಯ ವರ್ಷಗಳು. ನಡುವೆ ಆರು ವರ್ಷ ದೇವನಹಳ್ಳಿ ತಾಲ್ಲೂಕಿನಲ್ಲಿ ಸೇವೆ ಸಲ್ಲಿಸಿ ಮತ್ತೆ ಬೇವಿನಕುಂಟೆಗೆ ಬಂದರು. ‘ಈಸ್’ ಬಿಡುವ ಮಕ್ಕಳ ಪುಸ್ತಕಕ್ಕೆ ಕೆಂಪು ಗೆರೆ ಎಳೆಯುವುದನ್ನು ನಿಲ್ಲಿಸಿ, ಮೊದಲು ಕನ್ನಡದ ವಾಕ್ಯವನ್ನು ಹಲಗೆಯ ಮೇಲೆ ಬರೆದು, ನಮ್ಮ ಮಾತು ಹೇಗೆ ನಿಂತಿದೆ, ಅವರ ಮಾತಿಗೆ ಏನು ಬೇಕು ಎಂದು ಮಕ್ಕಳಿಂದಲೇ ಹೇಳಿಸುವ ಕ್ರಮ ಹಿಡಿದರು. ‘ಶಿ ಲುಕ್ಡ್ ಆಂಗ್ರಿ’ ಎಂದರೆ ಅವಳು ಸಿಟ್ಟಾಗಿದ್ದಂತೆ ಕಂಡಳು, ‘ಆಂಗ್ರಿಲಿ’ ಬಂದರೆ ಸಿಟ್ಟಿನಿಂದ ನೋಡಿದಳು ಎಂಬ ವ್ಯತ್ಯಾಸವನ್ನು ಮುಖದಲ್ಲೇ ಅಭಿನಯಿಸಿ ತೋರಿಸುವ ಅವರ ಪಾಠಕ್ಕೆ ಪಕ್ಕದ ತರಗತಿಯ ಮಕ್ಕಳೂ ಕಿಟಕಿಗೆ ಬರುತ್ತಿದ್ದರು. ಹೊಸದಾಗಿ ಸೇರಿದ ಶಿಕ್ಷಕಿ ಶಿಲ್ಪ ಅವರು ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಏನೋ ಒಂದು ಹೇಳಿ ಬಂದು ಸಿಬ್ಬಂದಿ ಕೋಣೆಯಲ್ಲಿ ಪೇಚಾಡುತ್ತಿದ್ದಾಗ, ಪಿಳ್ಳಣ್ಣನವರು ಗದರಿಸದೆ ಪಕ್ಕದಲ್ಲಿ ಕುಳಿತು, “ಗೊತ್ತಿಲ್ಲ ಅನ್ನೋಕೆ ನಂಗೆ ಹನ್ನೊಂದು ವರ್ಷ ಹಿಡೀತು ಕಣಮ್ಮ. ನೀನು ನಾಳೇನೇ ಶುರು ಮಾಡು” ಎಂದದ್ದನ್ನು ಶಿಲ್ಪ ಅವರು ಇಂದಿಗೂ ನೆನೆಯುತ್ತಾರೆ.

ನಿವೃತ್ತಿಗೆ ತಿಂಗಳಿರುವಾಗ, ಎಂಟನೆಯ ತರಗತಿಯ ಯಶಸ್ವಿನಿ ಎಂಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ‘ಶಿ ಈಸ್ ಹಿಯರ್’ ಎಂಬಲ್ಲಿ ಕೊನೆಯ ಪದ ಅವಳು ಹೇಗಿದ್ದಾಳೆಂದು ಹೇಳುವುದಿಲ್ಲ, ಎಲ್ಲಿದ್ದಾಳೆಂದು ಹೇಳುತ್ತದೆ; ಹಾಗಿದ್ದ ಮೇಲೆ ಇದನ್ನು ‘ಇರುವ ವಾಕ್ಯ’ದ ಸಾಲಿಗೆ ಸೇರಿಸಬಹುದೇ, ಇದಕ್ಕೆ ಬೇರೆ ಮನೆ ಕಟ್ಟಬೇಕೇ? ಪಿಳ್ಳಣ್ಣನವರು ಗೊತ್ತಿಲ್ಲವೆಂದು ಹೇಳಿ, ಆ ವಾರವೇ ಬೆಂಗಳೂರಿಗೆ ಹೋಗಿ ನಾಲ್ಕು ವ್ಯಾಕರಣ ಗ್ರಂಥಗಳನ್ನು ನೋಡಿ ಬಂದರು. ಒಬ್ಬ ಪಂಡಿತರು ಸೇರುತ್ತದೆ ಎಂದರೆ ಇನ್ನೊಬ್ಬರು ಸೇರದು ಎನ್ನುತ್ತಾರೆ. ಅದನ್ನು ಹಾಗೆಯೇ ತರಗತಿಯಲ್ಲಿ ಹೇಳಿ, ನಾನಿನ್ನೂ ಹುಡುಕುತ್ತಿದ್ದೇನೆ, ಆದರೆ ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ ಎಂದರು. ಹುಡುಗಿಗೆ ಅದು ಅಡ್ಡಿಯೆನಿಸಲಿಲ್ಲ.

“ಪರವಾಗಿಲ್ಲ ಸಾರ್. ನಾನು ಹತ್ತನೇ ಕ್ಲಾಸ್‌ವರ್ಗೂ ಇಲ್ಲೇ ಇರ್ತೀನಿ. ಸಿಕ್ಕಾಗ ಬಂದು ಹೇಳಿ.”

ಕನ್ನಡದ ಮಕ್ಕಳಿಗಾಗಿ ಇಂಗ್ಲಿಷ್ ವಾಕ್ಯರಚನೆಯ ಒಂದು ಕೈಪಿಡಿಯನ್ನು ಪಿಳ್ಳಣ್ಣನವರು ಬರೆಯುತ್ತಿದ್ದಾರೆ. ಅದರ ಒಂದು ಅಧ್ಯಾಯ ಈ ಪ್ರಶ್ನೆಗಾಗಿ ಖಾಲಿ ಬಿದ್ದಿದೆ. ಅವರಿಗೆ ಕಣ್ಣಿನ ಬೆಳಕು, ಕಾಲಿನ ಕಸುವು, ಮುನಿರತ್ನಮ್ಮನವರ ಜೊತೆ ನೆಮ್ಮದಿಯ ದೀರ್ಘಾಯುಷ್ಯ ದೊರೆಯಲಿ. ಕೈಪಿಡಿ ಮುಗಿಯಲಿ, ಮುಗಿದ ಮೇಲೆ ಇನ್ನೊಂದು ಶುರುವಾಗಲಿ. ಸರ್ಕಾರ ಅವರನ್ನು ನಿವೃತ್ತಿಗೊಳಿಸುತ್ತಿದೆ. ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಎರಡು ವರ್ಷದ ಸೇವಾ ವಿಸ್ತರಣೆ ಕೊಟ್ಟಿದ್ದಾಳೆ. ಅಂಥ ಆದೇಶಗಳು ವರ್ಷ ವರ್ಷವೂ ಅವರ ಕೈಸೇರುತ್ತಿರಲಿ ಎಂಬುದೇ ಸಹೋದ್ಯೋಗಿಗಳೆಲ್ಲರ ಹಾರೈಕೆ.